ಹಿಮನಾಡಿನ ಕಲ್ಲುಹೂವು

ಕನ್ನಡ ನಾಡಿನ ಅಡುಗೆಮನೆಯ ಮಸಾಲೆ ಡಬ್ಬಿಯಲ್ಲಿ ಚಕ್ಕೆ, ಲವಂಗ, ಮರಾಠಿ ಮೊಗ್ಗುಗಳ ಜೊತೆಗೆ ಬೂದುಬಣ್ಣದ, ಹರಿದ ಕಾಗದದ ಚೂರಿನಂತಹ ಒಂದು ಪದಾರ್ಥವಿರುತ್ತದೆ. ಅದಕ್ಕೆ ಕಲ್ಲುಹೂವು ಎಂದು ಹೆಸರು. ಕಲ್ಲಿನ ಮೇಲೆ ಬೆಳೆಯುವುದರಿಂದ ‘ಕಲ್ಲು’. ಅರಳಿಕೊಂಡಂತೆ ಕಾಣುವುದರಿಂದ ‘ಹೂವು’. ವಾಸ್ತವವಾಗಿ ಅದು ಹೂವಲ್ಲ. ಅನೇಕ ವೇಳೆ ಕಲ್ಲಿನಿಂದ ಬಿಡಿಸಿದ್ದೂ ಅಲ್ಲ, ಮರದ ತೊಗಟೆಯಿಂದ ಕಿತ್ತು ತಂದದ್ದು. ಸಂಸ್ಕೃತದ ವೈದ್ಯಗ್ರಂಥಗಳು ಇದನ್ನು ಶೈಲೇಯವೆಂದು ಕರೆದಿವೆ. ಶಿಲೆಯಲ್ಲಿ ಹುಟ್ಟಿದ್ದು ಶೈಲೇಯ. ಹೆಸರಿಟ್ಟವರ ಕಣ್ಣು ಎರಡು ಭಾಷೆಗಳಲ್ಲಿಯೂ ಒಂದೇ ಸಂಗತಿಯನ್ನು ಕಂಡಿದೆ: ಬೇರೇನೂ ಬೆಳೆಯಲಾರದ ಬಂಡೆಯ ಮೇಲೆ ಇದು ಬೆಳೆಯುತ್ತದೆ.

ಪಾಶ್ಚಾತ್ಯ ಶಾಸ್ತ್ರಜ್ಞರು ಈ ವರ್ಗಕ್ಕೆ ಇಟ್ಟಿರುವ ಹೆಸರು ಲೈಕನ್. ಇದು ಗ್ರೀಕ್ ಭಾಷೆಯ ಶಬ್ದ. ನೆಕ್ಕು ಎಂಬ ಅರ್ಥದ ಗ್ರೀಕ್ ಧಾತುವಿನೊಡನೆ ಇದನ್ನು ನಿಘಂಟುಕಾರರು ಸಂಬಂಧಿಸುತ್ತಾರೆ. ಆ ಧಾತುವಿಗೂ ಸಂಸ್ಕೃತದ ‘ಲಿಹ್’ ಧಾತುವಿಗೂ ಮೂಲ ಒಂದೇ. ನೆಕ್ಕಿ ಸೇವಿಸುವ ಔಷಧಿ ‘ಲೇಹ್ಯ’ವಾದದ್ದು ಈ ಧಾತುವಿನಿಂದಲೇ. ಬಂಡೆಯ ಮೈಯನ್ನು ನಾಲಗೆಯಂತೆ ಸವರಿಕೊಂಡು ಹರಡುವ ಜೀವಿಗೆ ಈ ಹೆಸರು ಒಪ್ಪುತ್ತದೆ. ಮನೆಯ ಡಬ್ಬಿಯ ಕಲ್ಲುಹೂವಿಗೂ ಅಂಗಡಿಯ ಲೇಹ್ಯಕ್ಕೂ ಶಬ್ದಮಾರ್ಗದಲ್ಲಿ ಹೀಗೊಂದು ದೂರದ ನಂಟಿರುವುದು ಭಾಷಾಭ್ಯಾಸಿಗಳಿಗೆ ಸಂತೋಷ ಕೊಡುವ ವಿಷಯ.

ಈ ಕುಟುಂಬಕ್ಕೆ ಸೇರಿದ, ಆದರೆ ಕನ್ನಡಿಗರ ಕಣ್ಣಿಗೆ ಬೀಳದ ಒಂದು ಪ್ರಭೇದವೇ ಪ್ರಸ್ತುತ ಲೇಖನದ ವಿಷಯ. ಉತ್ತರ ಧ್ರುವದ ಸುತ್ತಲಿನ ಶೀತಪ್ರದೇಶಗಳಲ್ಲಿ ನೆಲವನ್ನೇ ಹಾಸಿನಂತೆ ಮುಚ್ಚಿ ಬೆಳೆಯುವ ಇದನ್ನು ಹಿಮಸಾರಂಗದ ಕಲ್ಲುಹೂವು ಎಂದು ಕರೆಯಬಹುದು. ಶಾಸ್ತ್ರೀಯ ನಾಮ ಕ್ಲಡೋನಿಯ ರಾಂಜಿಫೆರಿನ. ಬೆರಳುದ್ದದ ಈ ಸಣ್ಣ ಜೀವಿಯ ಮೇಲೆ ಲಕ್ಷಾಂತರ ಪ್ರಾಣಿಗಳ ಚಳಿಗಾಲವೂ, ಕೆಲವು ಜನಾಂಗಗಳ ಬದುಕೂ ನಿಂತಿವೆ.

ಹೆಸರಿನ ಇತಿಹಾಸ

ಸ್ವೀಡನ್ ದೇಶದ ಕಾರ್ಲ್ ಲಿನೆಯಸ್ 1732ರಲ್ಲಿ, ಸುಮಾರು 25 ವರ್ಷದ ತರುಣನಾಗಿದ್ದಾಗ, ಉಪ್ಸಾಲದಿಂದ ಹೊರಟು ಲ್ಯಾಪ್‌ಲ್ಯಾಂಡಿನ ಕಾಡು, ಜವುಗು, ಬೆಟ್ಟಗಳಲ್ಲಿ ತಿಂಗಳುಗಟ್ಟಲೆ ಸಂಚರಿಸಿದನು. ಅಲ್ಲಿನ ಸಸ್ಯಗಳನ್ನಲ್ಲದೆ ಅಲ್ಲಿನ ಮೂಲನಿವಾಸಿಗಳಾದ ಸಾಮಿ ಜನರ ಊಟ, ಉಡುಪು, ಪಶುಪಾಲನೆಗಳನ್ನೂ ಬರೆದಿಟ್ಟುಕೊಂಡನು. ಆ ನಾಡಿನ ಸಸ್ಯಗಳನ್ನು ಕುರಿತ ಅವನ ಗ್ರಂಥ 1737ರಲ್ಲಿ ಹೊರಬಂದಿತು. ಮುಂದೆ 1753ರಲ್ಲಿ ಪ್ರಕಟವಾದ ಅವನ ಪ್ರಸಿದ್ಧ ಸಸ್ಯಗ್ರಂಥದಲ್ಲಿ ಈ ಪ್ರಭೇದಕ್ಕೆ ಅವನು ‘ಲೈಕನ್ ರಾಂಜಿಫೆರಿನಸ್’ ಎಂದು ಹೆಸರಿಟ್ಟನು. ಹಿಮಸಾರಂಗದ ಕುಲನಾಮ ರಾಂಜಿಫರ್. ಯಾವ ಪ್ರಾಣಿ ಇದನ್ನು ತಿಂದು ಬದುಕುತ್ತದೆಯೋ ಆ ಪ್ರಾಣಿಯ ಹೆಸರನ್ನೇ ಇದಕ್ಕೂ ಕೊಟ್ಟದ್ದರಲ್ಲಿ ಔಚಿತ್ಯವಿದೆ.

1780ರಲ್ಲಿ ವಿಗರ್ಸ್ ಎಂಬ ವಿದ್ವಾಂಸನು ಇದನ್ನು ಕ್ಲಡೋನಿಯ ಎಂಬ ಕುಲಕ್ಕೆ ಸೇರಿಸಿದನು. ಗ್ರೀಕ್ ಭಾಷೆಯಲ್ಲಿ ‘ಕ್ಲಡೋಸ್’ ಎಂದರೆ ಕೊಂಬೆ. ಮೈಯೆಲ್ಲ ಕವಲೊಡೆದಿರುವುದರಿಂದ ಈ ಹೆಸರು ಅನ್ವರ್ಥವಾಯಿತು. ನಡುವೆ ಕೆಲವು ಕಾಲ ಇದನ್ನು ಕ್ಲಡೀನ ಎಂಬ ಪ್ರತ್ಯೇಕ ಕುಲದಲ್ಲಿ ಇಟ್ಟವರೂ ಉಂಟು. ವಂಶವಾಹಿಗಳ ಪರಿಶೀಲನೆ ಬಂದ ಮೇಲೆ ಅದು ಮತ್ತೆ ಕ್ಲಡೋನಿಯಕ್ಕೇ ಸೇರಿತು. ಇಂಗ್ಲಿಷಿನಲ್ಲಿ ಇದನ್ನು ‘ಹಿಮಸಾರಂಗದ ಹಾವಸೆ’ ಎಂಬ ಅರ್ಥದ ಹೆಸರಿನಿಂದ ಕರೆಯುವ ರೂಢಿಯಿದೆ. ಇದು ತಪ್ಪು ಹೆಸರು. ಹಾವಸೆ ಒಂದು ಸಸ್ಯ. ಇದು ಒಂದು ಸಸ್ಯವಲ್ಲ. ಹಾಗಾದರೆ ಏನು?

ಒಂದು ಒಡಲು, ಎರಡು ಜೀವ

ಕಲ್ಲುಹೂವನ್ನು ತೆಳುವಾಗಿ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಬಣ್ಣವಿಲ್ಲದ ನೂಲಿನೆಳೆಗಳ ನಡುವೆ ಹಸಿರು ಗುಂಡುಗಳು ಸಿಕ್ಕಿಕೊಂಡಿರುವುದು ಕಾಣುತ್ತದೆ. ಈ ಹಸಿರು ಗುಂಡುಗಳು ಲೈಕನ್ನಿನ ಅಂಗಗಳೇ ಎಂದು ಬಹುಕಾಲ ನಂಬಲಾಗಿತ್ತು. ಸ್ವಿಟ್ಜರ್ಲೆಂಡಿನ ಸೈಮನ್ ಶ್ವೆಂಡನರ್ 1867ರಲ್ಲಿ ಬೇರೊಂದು ಮಾತನ್ನು ಹೇಳಿದನು. ನೂಲಿನೆಳೆಗಳು ಶಿಲೀಂಧ್ರ, ಎಂದರೆ ಅಣಬೆ ಬೂಷ್ಟುಗಳ ಜಾತಿಯದು. ಹಸಿರು ಗುಂಡುಗಳು ಪಾಚಿ. ಈ ಎರಡು ಬೇರೆ ಬೇರೆ ಜೀವಿಗಳು ಕೂಡಿ ಒಂದೇ ಒಡಲಾಗಿರುವುದೇ ಲೈಕನ್ ಎಂಬುದು ಅವನ ಸಿದ್ಧಾಂತ. ಫಿನ್ಲೆಂಡಿನ ವಿಲ್ಯಂ ನೈಲಾಂಡರ್ ಮೊದಲಾದ ಆ ಕಾಲದ ಹಿರಿಯ ಲೈಕನ್ ತಜ್ಞರು ಇದನ್ನು ಒಪ್ಪಲಿಲ್ಲ. ತಾವು ಜೀವಮಾನವಿಡೀ ಸಂಗ್ರಹಿಸಿ ವರ್ಗೀಕರಿಸಿದ ಜೀವಿಗಳು ಸ್ವತಂತ್ರ ಜೀವಿಗಳೇ ಅಲ್ಲವೆಂಬ ಮಾತು ಅವರಿಗೆ ಸಹ್ಯವಾಗದಿದ್ದದ್ದು ಆಶ್ಚರ್ಯವಲ್ಲ. ಆದರೆ ಕಾಲಕ್ರಮದಲ್ಲಿ ಶ್ವೆಂಡನರನ ಮಾತೇ ನಿಂತಿತು.

ಈ ಸಂಬಂಧ ಎಂತಹದು ಎಂಬ ಪ್ರಶ್ನೆ ಅನಂತರ ಎದ್ದಿತು. ಶ್ವೆಂಡನರ್ ಶಿಲೀಂಧ್ರವನ್ನು ಒಡೆಯನಿಗೂ ಪಾಚಿಯನ್ನು ಸೆರೆಯಾಳಿಗೂ ಹೋಲಿಸಿದ್ದನು. ಜರ್ಮನಿಯ ಆಂಟನ್ ಡಿ ಬಾರಿ 1878ರಲ್ಲಿ ಮಾಡಿದ ಉಪನ್ಯಾಸವೊಂದರಲ್ಲಿ, ಭಿನ್ನ ಜಾತಿಯ ಜೀವಿಗಳು ಒಟ್ಟಿಗೆ ಬಾಳುವುದನ್ನು ಸಹಜೀವನವೆಂಬ ಅರ್ಥದ ಶಬ್ದದಿಂದ ಕರೆದನು. ಇಂದು ಜೀವಶಾಸ್ತ್ರದ ಪಠ್ಯಗಳಲ್ಲಿ ಎಲ್ಲೆಡೆ ಕಾಣುವ ಆ ಪರಿಕಲ್ಪನೆ ಬೆಳೆದದ್ದರಲ್ಲಿ ಕಲ್ಲುಹೂವಿನ ಪಾತ್ರ ಹಿರಿದು.

ಹಿಮಸಾರಂಗದ ಕಲ್ಲುಹೂವಿನಲ್ಲಿ ಶಿಲೀಂಧ್ರದೊಡನೆ ಇರುವುದು ಆಸ್ಟೆರೋಕ್ಲೋರಿಸ್ ಎಂಬ ಕುಲದ ಏಕಕೋಶದ ಹಸಿರು ಪಾಚಿ. ಪಾಚಿಗೆ ಬಿಸಿಲಿನಿಂದ ಅನ್ನ ಮಾಡುವ ವಿದ್ಯೆ ಬರುತ್ತದೆ. ಆದರೆ ಬಯಲಿನ ಗಾಳಿಗೂ ಒಣಹವೆಗೂ ಎದುರಾಗಿ ನಿಲ್ಲುವ ಮೈಕಟ್ಟು ಅದಕ್ಕಿಲ್ಲ. ಶಿಲೀಂಧ್ರಕ್ಕೆ ಮೈಕಟ್ಟಿದೆ, ಅನ್ನ ಮಾಡುವ ವಿದ್ಯೆಯಿಲ್ಲ. ಪಾಚಿಯು ತಾನು ತಯಾರಿಸಿದ ಆಹಾರದಲ್ಲಿ ದೊಡ್ಡ ಪಾಲನ್ನು ರಿಬಿಟಾಲ್ ಎಂಬ ಸಕ್ಕರೆಯಂತಹ ದ್ರವ್ಯದ ರೂಪದಲ್ಲಿ ಹೊರಬಿಡುತ್ತದೆ. ಶಿಲೀಂಧ್ರವು ಅದನ್ನು ಹೀರಿ ಮ್ಯಾನಿಟಾಲ್ ಎಂಬ ಇನ್ನೊಂದು ದ್ರವ್ಯವಾಗಿ ಮಾರ್ಪಡಿಸಿಕೊಳ್ಳುತ್ತದೆ. ಪ್ರತಿಯಾಗಿ ಅದು ಪಾಚಿಗೆ ನೆಲೆ, ನೆರಳು, ತೇವಗಳನ್ನು ಒದಗಿಸುತ್ತದೆ. ಈ ವಿನಿಮಯ ಎಷ್ಟರ ಮಟ್ಟಿಗೆ ಸಮಾನವೆಂಬುದರ ಬಗ್ಗೆ ಶಾಸ್ತ್ರಜ್ಞರಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ಇಬ್ಬರೂ ಕೂಡಿದ್ದರಿಂದಲೇ, ಒಬ್ಬರಿಂದ ಆಗದ ಕಡೆ ಬಾಳು ಸಾಧ್ಯವಾಯಿತೆಂಬುದರಲ್ಲಿ ವಿವಾದವಿಲ್ಲ.

ರೂಪ ಮತ್ತು ಬೆಳವಣಿಗೆ

ಹಿಮಸಾರಂಗದ ಕಲ್ಲುಹೂವು ಮಸಾಲೆಯ ಕಲ್ಲುಹೂವಿನಂತೆ ಎಲೆಯ ಆಕಾರದ್ದಲ್ಲ. ಎಲೆಯುದುರಿದ ಮರವೊಂದನ್ನು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು ಮಾಡಿದಂತೆ ಇರುತ್ತದೆ. ಎತ್ತರ ಸಾಮಾನ್ಯವಾಗಿ 10 ಸೆಂಟಿಮೀಟರಿನೊಳಗೆ. ಟೊಳ್ಳಾದ ಕಾಂಡ, ಅದರಿಂದ ಮೂರು ನಾಲ್ಕಾಗಿ ಒಡೆಯುವ ಕವಲುಗಳು, ಆ ಕವಲುಗಳಿಂದ ಮತ್ತೆ ಕವಲುಗಳು. ತುದಿಗಳು ಕಂದುಬಣ್ಣವಾಗಿ, ಗಾಳಿ ಬಾಚಿದಂತೆ ಒಂದೇ ಕಡೆಗೆ ಬಾಗಿರುತ್ತವೆ. ಮೈಬಣ್ಣ ಬೂದಿ. ಇದರ ಸಮೀಪದ ಬಂಧುಗಳಾದ ಕೆಲವು ಪ್ರಭೇದಗಳು ನಸುಹಳದಿಯಾಗಿರುವುದಕ್ಕೆ ಉಸ್ನಿಕ್ ಆಮ್ಲವೆಂಬ ದ್ರವ್ಯ ಕಾರಣ. ಇದರಲ್ಲಿ ಆ ಆಮ್ಲವಿಲ್ಲದಿರುವುದರಿಂದ ಬೂದುಬಣ್ಣವೇ ಗುರುತಾಗಿದೆ.

ಇದಕ್ಕೆ ಬೇರಿಲ್ಲ, ಎಲೆಯಿಲ್ಲ, ಹೂವಿಲ್ಲ, ಬೀಜವಿಲ್ಲ. ತುದಿಯಲ್ಲಿ ಬೆಳೆಯುತ್ತ, ಬುಡದಲ್ಲಿ ಸಾಯುತ್ತ ಹೋಗುತ್ತದೆ. ಬೆಳೆಯುವ ವೇಗ ವರ್ಷಕ್ಕೆ ಸಾಮಾನ್ಯವಾಗಿ 3ರಿಂದ 5 ಮಿಲಿಮೀಟರ್, ಎಂದರೆ ಹೆಚ್ಚೆಂದರೆ ಒಂದು ಭತ್ತದ ಕಾಳಿನಷ್ಟು ಉದ್ದ. ಸುಮಾರಾಗಿ ವರ್ಷಕ್ಕೊಂದು ಸುತ್ತು ಕವಲೊಡೆಯುವುದರಿಂದ, ಕವಲಿನ ಸುತ್ತುಗಳನ್ನು ಎಣಿಸಿ ಜೀವಂತ ಭಾಗದ ವಯಸ್ಸನ್ನು ಅಂದಾಜು ಮಾಡುತ್ತಾರೆ. ವಿಶಾಲವಾದ ಬಯಲೊಂದರಲ್ಲಿ ಮೊಣಕಾಲಿಗೂ ಬಾರದೆ ಹಾಸಿಕೊಂಡಿರುವ ಈ ಬೂದು ಹೊದಿಕೆ ಹಲವು ದಶಕಗಳ ಗಳಿಕೆಯೆಂಬುದನ್ನು ನೆನಪಿನಲ್ಲಿಡಬೇಕು. ಮುಂದಿನ ಕಥೆಯೆಲ್ಲ ಈ ಒಂದು ಅಂಕಿಯ ಮೇಲೆ ನಿಂತಿದೆ.

ವಂಶಾಭಿವೃದ್ಧಿಯ ಕ್ರಮವೂ ವಿಶಿಷ್ಟವಾದುದು. ಒಣಗಿದಾಗ ಇದು ಹಪ್ಪಳದಂತೆ ಪೆಡಸಾಗುತ್ತದೆ. ಪ್ರಾಣಿಗಳ ಗೊರಸು ತಗುಲಿ ಮುರಿದ ಚೂರುಗಳನ್ನು ಗಾಳಿ ಒಯ್ಯುತ್ತದೆ. ಪ್ರತಿಯೊಂದು ಚೂರಿನಲ್ಲಿಯೂ ಶಿಲೀಂಧ್ರ, ಪಾಚಿ ಎರಡೂ ಇರುವುದರಿಂದ, ತಕ್ಕ ನೆಲದಲ್ಲಿ ಬಿದ್ದ ಚೂರು ಹೊಸ ಸಂಸಾರ ಹೂಡುತ್ತದೆ.

ಚಳಿಯನ್ನು ಗೆದ್ದ ಬಗೆ

ಅತ್ಯಂತ ಬೆಚ್ಚಗಿನ ತಿಂಗಳಿನ ಸರಾಸರಿ ಉಷ್ಣತೆಯೂ 10 ಡಿಗ್ರಿ ಸೆಲ್ಸಿಯಸನ್ನು ಮುಟ್ಟದ, ಮರ ಬೆಳೆಯದ ಬಯಲಿಗೆ ಟಂಡ್ರಾ ಎಂದು ಹೆಸರು. ಅಲ್ಲಿ ಮತ್ತು ಅದರ ದಕ್ಷಿಣಕ್ಕಿರುವ ಪೈನ್ ಮರದ ಕಾಡುಗಳಲ್ಲಿ, ನಾರ್ವೆ, ಸ್ವೀಡನ್, ಫಿನ್ಲೆಂಡ್, ರಷ್ಯ, ಅಲಾಸ್ಕ, ಕೆನಡಗಳ ಉದ್ದಕ್ಕೂ ಈ ಕಲ್ಲುಹೂವು ಧ್ರುವಕ್ಕೆ ಮಾಲೆ ಹಾಕಿದಂತೆ ಹಬ್ಬಿದೆ. ಸತ್ವವಿಲ್ಲದ ಮರಳು ನೆಲವೇ ಇದಕ್ಕೆ ಇಷ್ಟ. ಫಲವತ್ತಾದ ನೆಲದಲ್ಲಿ ಹುಲ್ಲು, ಪೊದೆಗಳು ಇದನ್ನು ಮೀರಿ ಬೆಳೆದು ನೆರಳಿನಲ್ಲಿ ಕೊಲ್ಲುತ್ತವೆ. ಬಡತನವಿರುವಲ್ಲಿಯೇ ಇದಕ್ಕೆ ರಾಜ್ಯ.

ಚಳಿಯನ್ನು ಇದು ಎದುರಿಸುವ ಉಪಾಯ ಹೋರಾಟವಲ್ಲ, ವಿರಾಮ. ಇತರ ಗಿಡಗಳು ನೀರನ್ನು ಮೈಯಲ್ಲಿ ಹಿಡಿದಿಟ್ಟುಕೊಳ್ಳಲು ಹೆಣಗುತ್ತವೆ. ಕಲ್ಲುಹೂವು ಹಾಗೆ ಮಾಡುವುದಿಲ್ಲ. ಗಾಳಿ ಒಣಗಿದರೆ ತಾನೂ ಒಣಗುತ್ತದೆ; ಉಸಿರಾಟ, ಆಹಾರ ತಯಾರಿಕೆ ಮುಂತಾದ ವ್ಯಾಪಾರಗಳೆಲ್ಲ ನಿಂತುಹೋಗುತ್ತವೆ. ಒಣಗಿದ ಜೀವಕೋಶದಲ್ಲಿ ಹೆಪ್ಪುಗಟ್ಟಿ ಒಡೆಯುವಷ್ಟು ನೀರೇ ಇಲ್ಲದಿರುವುದರಿಂದ ಕಡುಚಳಿ ಅದನ್ನು ಏನೂ ಮಾಡಲಾರದು. ಮಂಜೋ ಮಳೆಯೋ ಬಂದು ಮೈ ತೊಯ್ದ ಕೆಲವು ನಿಮಿಷಗಳಲ್ಲಿ ಅದು ಮೆತ್ತಗಾಗಿ ಮತ್ತೆ ಕೆಲಸ ಆರಂಭಿಸುತ್ತದೆ. ನೀರು ಹೆಪ್ಪುಗಟ್ಟುವ ಉಷ್ಣತೆಗಿಂತ ಕೆಳಗೆ ಕೂಡ ದ್ಯುತಿಸಂಶ್ಲೇಷಣೆ ನಡೆಸಬಲ್ಲ ಶಕ್ತಿ ಶೀತಪ್ರದೇಶದ ಲೈಕನ್ನುಗಳಿಗಿದೆ. ವರ್ಷದ ಬಹುಪಾಲು ಸುಪ್ತವಾಗಿದ್ದು, ಅನುಕೂಲ ಒದಗಿದ ಅಲ್ಪಕಾಲದಲ್ಲಿ ದುಡಿಯುವುದರಿಂದಲೇ ಇದರ ಬೆಳವಣಿಗೆ ಅಷ್ಟು ನಿಧಾನ.

ಹಿಮಸಾರಂಗ ಮತ್ತು ಸಾಮಿ ಜನ

ಬೇಸಗೆಯಲ್ಲಿ ಹಿಮಸಾರಂಗವು ಹುಲ್ಲು, ಎಲೆ, ಚಿಗುರುಗಳನ್ನು ಮೇಯುತ್ತದೆ. ಚಳಿಗಾಲ ಬಂದು ನೆಲವೆಲ್ಲ ಹಿಮದಿಂದ ಮುಚ್ಚಿದಾಗ ಅದಕ್ಕೆ ಮುಖ್ಯ ಆಹಾರ ಕಲ್ಲುಹೂವು. ಆಳವಾದ ಹಿಮದ ಅಡಿಯಲ್ಲಿರುವ ಕಲ್ಲುಹೂವಿನ ವಾಸನೆಯನ್ನು ಅದು ಹಿಡಿಯಬಲ್ಲದು. ಮುಂಗಾಲಿನ ಗೊರಸಿನಿಂದ ಹಿಮವನ್ನು ಕೆರೆದು, ಗುಂಡಿ ಮಾಡಿ, ಮೂತಿಯನ್ನು ಒಳಗಿಟ್ಟು ಮೇಯುತ್ತದೆ. ಉತ್ತರ ಅಮೆರಿಕದಲ್ಲಿ ಇದೇ ಪ್ರಾಣಿಗೆ ಕ್ಯಾರಿಬೂ ಎಂದು ಹೆಸರು. ಅಲ್ಲಿನ ಮಿಕ್ಮಾಕ್ ಎಂಬ ಮೂಲನಿವಾಸಿಗಳ ನುಡಿಯಿಂದ ಬಂದ ಈ ಶಬ್ದಕ್ಕೆ ‘ಹಿಮ ಕೆರೆಯುವುದು’ ಎಂದೇ ಅರ್ಥ. ಮನುಷ್ಯನ ಕಣ್ಣಿಗೆ ಕಾಣದ ನೇರಳಾತೀತ ಬೆಳಕು ಹಿಮಸಾರಂಗಕ್ಕೆ ಕಾಣುತ್ತದೆಂದು 2011ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಹಿಮವು ಆ ಬೆಳಕನ್ನು ಪ್ರತಿಫಲಿಸುತ್ತದೆ, ಕಲ್ಲುಹೂವು ಹೀರಿಕೊಳ್ಳುತ್ತದೆ. ಆದುದರಿಂದ ಮಬ್ಬು ಬೆಳಕಿನ ಧ್ರುವದ ಚಳಿಗಾಲದಲ್ಲಿ, ಬಿಳಿಯ ಹಿಮದ ನಡುವೆ ಮೇವು ಅದಕ್ಕೆ ಕಪ್ಪಾಗಿ ಎದ್ದು ಕಾಣುತ್ತದೆ.

ಕಲ್ಲುಹೂವಿನಲ್ಲಿ ಪಿಷ್ಟದಂತಹ ಶಕ್ತಿದ್ರವ್ಯ ಹೇರಳವಾಗಿದೆ. ಸಸಾರಜನಕ ಬಲು ಕಡಿಮೆ. ಮನುಷ್ಯನ ಜಠರಕ್ಕೆ ಇದು ಹಸಿಯಾಗಿ ಅರಗದು. ಹಿಮಸಾರಂಗದ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಇದನ್ನು ಅರಗಿಸಿಕೊಡುತ್ತವೆ. ಪ್ರಾಣಿಯ ಶರೀರವು ಯೂರಿಯವನ್ನು ವಿಸರ್ಜಿಸದೆ ಮತ್ತೆ ಹೊಟ್ಟೆಗೆ ಮರಳಿಸಿ, ಸಾರಜನಕದ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಿಕೊಳ್ಳುತ್ತದೆ. ಹೀಗೆ ಪಾಚಿ ಮಾಡಿದ ಅನ್ನವು ಶಿಲೀಂಧ್ರದ ಮೂಲಕ, ಸೂಕ್ಷ್ಮಜೀವಿಗಳ ಮೂಲಕ, ಸಾರಂಗದ ಮೂಲಕ ಮನುಷ್ಯನ ತಟ್ಟೆಗೆ ಬರುತ್ತದೆ.

ನಾರ್ವೆ, ಸ್ವೀಡನ್, ಫಿನ್ಲೆಂಡ್ ಮತ್ತು ರಷ್ಯದ ಕೋಲಾ ಪರ್ಯಾಯದ್ವೀಪಗಳಲ್ಲಿ ಹರಡಿರುವ ಸಾಮಿ ಜನರಲ್ಲಿ ಅನೇಕರು ತಲೆತಲಾಂತರದಿಂದ ಹಿಮಸಾರಂಗ ಪಾಲಕರು. ಅವರ ನುಡಿಯಲ್ಲಿ ನೆಲದ ಕಲ್ಲುಹೂವಿಗೆ ‘ಯೆಯಾಗಿಲ್’ ಎಂದೂ, ಮರದಿಂದ ಜೋಲುವ ಜಾತಿಗೆ ‘ಲಾಹ್ಪು’ ಎಂದೂ ಬೇರೆ ಬೇರೆ ಹೆಸರು. ‘ಗುವೊಹ್ತುನ್’ ಎಂಬುದು ಇನ್ನೊಂದು ಶಬ್ದ. ಇದನ್ನು ಮೇವು ಎಂದು ಅನುವಾದಿಸಿದರೆ ಸಾಲದು. ನೆಲದಲ್ಲಿ ಮೇವಿದೆಯೇ, ಅದರ ಮೇಲಿನ ಹಿಮ ಎಂತಹದು, ಆ ಹಿಮವನ್ನು ಕೆರೆದು ಸಾರಂಗ ಮೇವನ್ನು ಮುಟ್ಟಬಲ್ಲುದೇ, ಇವೆಲ್ಲವೂ ಆ ಒಂದೇ ಶಬ್ದದಲ್ಲಿ ಅಡಗಿವೆ. ಮೇವು ಇರುವುದು ಬೇರೆ, ಅದು ದಕ್ಕುವುದು ಬೇರೆ ಎಂಬ ಅನುಭವದಿಂದ ಹುಟ್ಟಿದ ಶಬ್ದವಿದು. 1910ರಲ್ಲಿ ಸಾಮಿ ಜನರ ಬಾಳನ್ನು ಕುರಿತು ಸಾಮಿ ನುಡಿಯಲ್ಲಿಯೇ ಪುಸ್ತಕ ಬರೆದ ಯೋಹಾನ್ ತೂರಿ ಎಂಬವನು ಸಾರಂಗಗಳ ಜೊತೆ ಬದುಕಿದವನೇ. ಒಂದು ಜನಾಂಗದ ವಿದ್ಯೆಯು ಅದರ ಶಬ್ದಗಳಲ್ಲಿ ನೆಲೆಸಿರುತ್ತದೆ ಎಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಸಿಕ್ಕುವುದು ಕಷ್ಟ.

ಈ ಪಾಲಕರು ಒಂದೇ ಕಡೆ ನಿಲ್ಲದೆ, ಬೇಸಗೆಯ ಬೆಟ್ಟಕ್ಕೂ ಚಳಿಗಾಲದ ಕಾಡಿಗೂ ಮಂದೆಯೊಡನೆ ಅಲೆಯುವುದು ಕೇವಲ ಅಲೆಮಾರಿತನವಲ್ಲ. ಮೇಯಿಸಿದ ನೆಲ ಚೇತರಿಸಿಕೊಳ್ಳಲಿ ಎಂಬ ಲೆಕ್ಕಾಚಾರ ಅದರಲ್ಲಿದೆ. ಬೇಸಗೆಯಲ್ಲಿ ಒಣಗಿದ ಕಲ್ಲುಹೂವು ಗೊರಸಿನಡಿ ಪುಡಿಯಾಗುತ್ತದೆ; ಆದುದರಿಂದ ಆ ನೆಲವನ್ನು ಚಳಿಗಾಲಕ್ಕೆ ಮೀಸಲಿಡುವುದೇ ಕ್ಷೇಮ. ಪೂರ್ತಿಯಾಗಿ ಮೇದುಹೋದ ಹಾಸು ಮತ್ತೆ ಮೊದಲಿನಂತಾಗಲು ಇಪ್ಪತ್ತು ಮೂವತ್ತು ವರ್ಷ, ಕೆಲವು ಕಡೆ ಇನ್ನೂ ಹೆಚ್ಚು ಕಾಲ ಹಿಡಿಯುತ್ತದೆ.

ಲೆಕ್ಕ ತಪ್ಪಿದ ದ್ವೀಪ

ಈ ಲೆಕ್ಕ ತಪ್ಪಿದರೆ ಏನಾಗುವುದೆಂಬುದನ್ನು ಬೇರಿಂಗ್ ಸಮುದ್ರದ ನಡುವಿನ ಸೇಂಟ್ ಮ್ಯಾಥ್ಯೂ ದ್ವೀಪ ತೋರಿಸಿಕೊಟ್ಟಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1944ರಲ್ಲಿ, ಅಮೆರಿಕದ ಕರಾವಳಿ ರಕ್ಷಣಾದಳವು ಅಲ್ಲೊಂದು ಸಣ್ಣ ಠಾಣ್ಯವನ್ನು ಸ್ಥಾಪಿಸಿತು. ಹಡಗು ಬರಲಾಗದೆ ಆಹಾರ ಮುಗಿದರೆ ಇರಲಿ ಎಂದು 29 ಹಿಮಸಾರಂಗಗಳನ್ನು ತಂದು ಬಿಟ್ಟರು. ಯುದ್ಧ ಮುಗಿಯಿತು, ಠಾಣ್ಯದವರು ಹೊರಟುಹೋದರು, ಸಾರಂಗಗಳು ಉಳಿದವು. ದ್ವೀಪದಲ್ಲಿ ತೋಳವಿಲ್ಲ, ಬೇಟೆಗಾರನಿಲ್ಲ. ನೆಲದ ಮೇಲೆ ಯಾವ ಪ್ರಾಣಿಯೂ ಮೇಯದೆ ಬೆಳೆದ ಕಲ್ಲುಹೂವಿನ ದಪ್ಪನೆಯ ಹಾಸು.

1957ರಲ್ಲಿ ಡೇವಿಡ್ ಕ್ಲೈನ್ ಎಂಬ ಜೀವಶಾಸ್ತ್ರಜ್ಞನು ಅಲ್ಲಿಗೆ ಹೋಗಿ ಎಣಿಸಿದಾಗ 1,350 ಸಾರಂಗಗಳಿದ್ದವು. ಅವು ಕೊಬ್ಬಿ ಪುಷ್ಟವಾಗಿದ್ದವು. ಆದರೆ ಕಲ್ಲುಹೂವಿನ ಹಾಸು ಕೆಲವೆಡೆ ಆಗಲೇ ತೆಳುವಾಗಿತ್ತು. 1963ರಲ್ಲಿ ಮತ್ತೆ ಹೋದಾಗ ಸಂಖ್ಯೆ 6,000ಕ್ಕೆ ಏರಿತ್ತು. ಆದರೆ ಪ್ರಾಣಿಗಳ ತೂಕ ಇಳಿದಿತ್ತು; ಮರಿಗಳ ಪ್ರಮಾಣ ತಗ್ಗಿತ್ತು; ಕಲ್ಲುಹೂವು ಸವೆದುಹೋಗಿತ್ತು. ಅದರ ಮರುಚಳಿಗಾಲ ಹಿಮ ವಿಪರೀತವಾಗಿ ಬಿದ್ದಿತು. 1966ರಲ್ಲಿ ಕ್ಲೈನ್ ಮೂರನೆಯ ಸಲ ಹೋದಾಗ ಬಯಲಿನ ತುಂಬ ಎಲುಬಿನ ಗೂಡುಗಳು. ಜೀವಂತವಾಗಿದ್ದವು 42 ಮಾತ್ರ. ಅವುಗಳಲ್ಲಿ 41 ಹೆಣ್ಣು. ಉಳಿದ ಒಂದೇ ಗಂಡಿನ ಕೊಂಬುಗಳೂ ವಿಕಾರವಾಗಿದ್ದವು. ಮರಿಗಳು ಒಂದೂ ಇರಲಿಲ್ಲ. ಮುಂದೆ ಆ ಮಂದೆ ನಿರ್ವಂಶವಾಯಿತು.

ಇಲ್ಲಿ ಗಮನಿಸಬೇಕಾದ ಮುಖ್ಯ ಅಂಶವೊಂದಿದೆ. ಸಾರಂಗಗಳು ಅಲ್ಲಿ ತಿಂದದ್ದು ಆಯಾ ವರ್ಷದ ಬೆಳೆಯನ್ನಲ್ಲ. ದಶಕಗಳಿಂದ ಕೂಡಿದ್ದ ಗಂಟನ್ನು ತಿಂದವು. ಬಡ್ಡಿಯಲ್ಲಿ ಬಾಳುತ್ತಿದ್ದೇವೆಂಬ ಭ್ರಮೆಯಲ್ಲಿ ಅಸಲು ಕರಗುತ್ತಿತ್ತು. ಸಂಖ್ಯೆ ಅತ್ಯಂತ ಹೆಚ್ಚಾಗಿದ್ದ ವರ್ಷವೇ ಕೇಡಿಗೆ ಅತ್ಯಂತ ಸಮೀಪವಾದ ವರ್ಷವಾಗಿತ್ತು. ದಪ್ಪನೆಯ ಹಾಸನ್ನು ನೋಡಿ ಐಶ್ವರ್ಯವನ್ನು ಅಳೆದವರಿಗೆ, ವರ್ಷಕ್ಕೆ 3 ಅಥವಾ 5 ಮಿಲಿಮೀಟರ್ ಎಂಬ ಅಂಕಿ ನೆನಪಾಗುವುದಿಲ್ಲ.

ಪ್ರಾಣಿಗಳನ್ನು ದೂರಿ ಫಲವಿಲ್ಲ. ಮನುಷ್ಯರೂ ಹೀಗೆಯೇ ಮಾಡಿದ್ದುಂಟು. 1868ರಲ್ಲಿ ಸ್ವೀಡನ್ನಿನ ಸ್ಟೆನ್‌ಬರ್ಗ್ ಎಂಬ ರಸಾಯನಶಾಸ್ತ್ರಜ್ಞನು ಕಲ್ಲುಹೂವಿನ ಪಿಷ್ಟವನ್ನು ಸಕ್ಕರೆಯಾಗಿಸಿ, ಹುಳಿಯಿಸಿ, ಮದ್ಯಸಾರ ತೆಗೆಯುವ ವಿಧಾನವನ್ನು ಪ್ರಚಾರಕ್ಕೆ ತಂದನು. ಭಟ್ಟಿಗಳೆದ್ದವು. ಇಪ್ಪತ್ತು ವರ್ಷ ತುಂಬುವ ಮೊದಲೇ ಸುತ್ತಮುತ್ತಲಿನ ಕಲ್ಲುಹೂವು ತೀರಿಹೋಗಿ ಆ ಉದ್ಯಮ ಕುಂದಿತು.

ಆಕಾಶದಿಂದ ಬಂದ ವಿಷ

ಬೇರಿಲ್ಲದಿರುವುದು ಕಲ್ಲುಹೂವಿನ ಶಕ್ತಿ; ಅದೇ ಅದರ ದೌರ್ಬಲ್ಯವೂ ಹೌದು. ತನಗೆ ಬೇಕಾದ ಲವಣಗಳನ್ನೆಲ್ಲ ಅದು ಮಳೆ, ಮಂಜು, ಧೂಳುಗಳಿಂದ ಮೈಯಿಡೀ ಹೀರಿಕೊಳ್ಳುತ್ತದೆ. ಒಳ್ಳೆಯದು ಕೆಟ್ಟದ್ದೆಂದು ಸೋಸುವ ಮಣ್ಣು ನಡುವೆ ಇಲ್ಲ. ಉದುರಿಸಿ ಹಗುರಾಗಲು ಎಲೆಯೂ ಇಲ್ಲ. 1950 ಮತ್ತು 60ರ ದಶಕಗಳಲ್ಲಿ ಬಲಿಷ್ಠ ರಾಷ್ಟ್ರಗಳು ವಾಯುಮಂಡಲದಲ್ಲಿ ಅಣುಬಾಂಬುಗಳನ್ನು ಪರೀಕ್ಷಿಸಿದಾಗ ಎದ್ದ ವಿಕಿರಣ ಧೂಳು ಕಲ್ಲುಹೂವಿನಲ್ಲಿ ಸೇರಿ, ಸಾರಂಗದ ಮಾಂಸಕ್ಕೂ, ಅದನ್ನು ತಿನ್ನುವವರ ಶರೀರಕ್ಕೂ ಹೋಗುತ್ತಿರುವುದು ಪತ್ತೆಯಾಯಿತು. ಬಾಂಬು ಮಾಡದವರು, ಯುದ್ಧ ಬೇಡದವರು, ನಗರಗಳಿಂದ ಬಹುದೂರ ಬಾಳುವವರು ಅದರ ಫಲವನ್ನು ಇತರರಿಗಿಂತ ಹೆಚ್ಚಾಗಿ ಉಂಡರು. 1963ರಲ್ಲಿ ವಾಯುಮಂಡಲದ ಪರೀಕ್ಷೆಗಳನ್ನು ನಿಷೇಧಿಸುವ ಒಪ್ಪಂದವಾದ ಮೇಲೆ ಆ ಪ್ರಮಾಣ ಕ್ರಮೇಣ ಇಳಿಯಿತು.

ಆದರೆ 1986ರ ಏಪ್ರಿಲ್ 26ರಂದು ಅಂದಿನ ಸೋವಿಯತ್ ಒಕ್ಕೂಟದ ಚೆರ್ನೊಬಿಲ್ ಪರಮಾಣು ಸ್ಥಾವರ ಸ್ಫೋಟಿಸಿತು. ಎರಡು ದಿನಗಳ ಅನಂತರ ಸ್ವೀಡನ್ನಿನ ಫೋರ್ಸ್‌ಮಾರ್ಕ್ ಸ್ಥಾವರದಲ್ಲಿ ಕೆಲಸಗಾರರ ಪಾದರಕ್ಷೆಗಳಲ್ಲಿ ವಿಕಿರಣ ಕಂಡುಬಂದಾಗಲೇ ಪಶ್ಚಿಮದ ದೇಶಗಳಿಗೆ ಏನೋ ಅನಾಹುತವಾಗಿದೆಯೆಂಬ ಸುಳಿವು ಸಿಕ್ಕಿತು. ಮೋಡಗಳು ಉತ್ತರಕ್ಕೆ ಸರಿದು ಸ್ವೀಡನ್, ನಾರ್ವೆಗಳ ಕೆಲವು ಭಾಗಗಳಲ್ಲಿ ಮಳೆ ಸುರಿದವು. ಆ ಮಳೆಯಲ್ಲಿ ಸೀಸಿಯಂ-137 ಇದ್ದಿತು. ಅದರ ಅರ್ಧಾಯು ಸುಮಾರು 30 ವರ್ಷ. ಗುಣದಲ್ಲಿ ಪೊಟಾಸಿಯಮ್ಮಿಗೆ ಹತ್ತಿರವಾಗಿರುವುದರಿಂದ ಜೀವಕೋಶಗಳು ಅದನ್ನು ಪೊಟಾಸಿಯಮ್ಮೆಂದೇ ಬಗೆದು ಬರಮಾಡಿಕೊಳ್ಳುತ್ತವೆ.

ಸ್ವೀಡನ್ ಸರ್ಕಾರವು ಮಾರುವ ಆಹಾರಕ್ಕೆ ಕಿಲೋಗ್ರಾಮಿಗೆ 300 ಬೆಕೆರಲ್ ಮಿತಿ ವಿಧಿಸಿತು. ಕಲ್ಲುಹೂವು ಮೇದ ಸಾರಂಗಗಳ ಮಾಂಸದಲ್ಲಿ ಅದರ ಹತ್ತಾರು ಪಟ್ಟು ಕಂಡುಬಂದಿತು. ಆ ವರ್ಷ ಸಾವಿರಾರು ಸಾರಂಗಗಳನ್ನು ಕೊಂದು, ಮಾಂಸವನ್ನು ತಿನ್ನದೆ ಹೂಳಬೇಕಾಯಿತು. ಸಾರಂಗದ ಯಾವ ಅಂಗವನ್ನೂ ವ್ಯರ್ಥ ಮಾಡದಿರುವುದು ಧರ್ಮವೆಂದು ತಿಳಿದ ಜನರಿಗೆ ಇದು ಹಣದ ನಷ್ಟಕ್ಕಿಂತ ದೊಡ್ಡ ಆಘಾತವಾಗಿತ್ತು. ಕಣ್ಣಿಗೆ ಕಾಣದ, ಮೂಗಿಗೆ ಬಾರದ, ನಾಲಗೆಗೆ ತಿಳಿಯದ ವಿಷವನ್ನು ಗುರುತಿಸಲು ಪೂರ್ವಿಕರಿಂದ ಬಂದ ಯಾವ ವಿದ್ಯೆಯೂ ನೆರವಾಗಲಿಲ್ಲ. ಮುಂದೆ ನಾರ್ವೆ 1986ರ ನವೆಂಬರಿನಲ್ಲಿ ಸಾರಂಗದ ಮಾಂಸದ ಮಿತಿಯನ್ನು 6,000 ಬೆಕೆರಲ್ಲಿಗೂ, ಸ್ವೀಡನ್ 1987ರಲ್ಲಿ 1,500ಕ್ಕೂ ಏರಿಸಿದವು. ಮಾಂಸವನ್ನು ಹೆಚ್ಚಾಗಿ ತಿನ್ನುವವರು ಸಾರಂಗ ಪಾಲಕರೇ ಆದುದರಿಂದ ಅವರಿಗೆ ಪ್ರತ್ಯೇಕ ಸಲಹೆಗಳನ್ನು ಕೊಡಬೇಕಾಯಿತು. ಕಲ್ಲುಹೂವು ಮೇಯುವ ಕಾಲ ಬರುವ ಮೊದಲೇ ಕಡಿಯುವುದು, ಕೆಲವು ವಾರ ಶುದ್ಧ ಮೇವನ್ನು ತಿನ್ನಿಸುವುದು, ಸೀಸಿಯಮ್ಮನ್ನು ಹಿಡಿದು ಹೊರಗೆ ಹಾಕುವ ನೀಲಿ ರಾಸಾಯನಿಕವನ್ನು ಮೇವಿನಲ್ಲಿ ಬೆರೆಸುವುದು, ಜೀವಂತ ಪ್ರಾಣಿಯ ವಿಕಿರಣವನ್ನು ಉಪಕರಣದಿಂದ ಅಳೆಯುವುದು ಮುಂತಾದ ಉಪಾಯಗಳು ರೂಢಿಗೆ ಬಂದವು.

ಈ ಪ್ರಸಂಗದಲ್ಲಿ ಕಲ್ಲುಹೂವು ಅಪರಾಧಿಯಲ್ಲ, ಸಾಕ್ಷಿ. ಗಾಳಿಯಲ್ಲಿ ಏನು ಸುಳಿಯಿತೋ ಅದನ್ನು ಮೈಯಲ್ಲಿ ಬರೆದಿಟ್ಟುಕೊಂಡಿತು. ಆದುದರಿಂದಲೇ ಜಗತ್ತಿನ ಅನೇಕ ಕಡೆ ವಾಯುಮಾಲಿನ್ಯವನ್ನು ಅಳೆಯಲು ಲೈಕನ್ನುಗಳನ್ನು ಬಳಸುತ್ತಾರೆ.

ಇಂದಿನ ಸಂಕಟ

ಭೂಮಿಯ ಉಷ್ಣತೆ ಏರುತ್ತಿರುವುದು ಧ್ರುವಪ್ರದೇಶದಲ್ಲಿ ಇತರೆಡೆಗಿಂತ ತೀವ್ರವಾಗಿದೆ. ಬೆಚ್ಚಗಾದರೆ ಕಲ್ಲುಹೂವಿಗೆ ಸುಖವೆಂದು ಮೇಲುನೋಟಕ್ಕೆ ತೋರಬಹುದು. ಫಲ ಬೇರೆಯೇ ಆಗಿದೆ. ಟಂಡ್ರಾದಲ್ಲಿ ಪೊದೆಗಳು ಎತ್ತರವಾಗಿ ಹಬ್ಬಿ ನೆರಳು ಕವಿಸುತ್ತಿವೆ. ಚಳಿಗಾಲದ ನಡುವೆ ಹಿಮದ ಬದಲು ಮಳೆ ಬಿದ್ದು, ಆ ನೀರು ನೆಲದ ಮೇಲೆ ಗಾಜಿನಂತೆ ಹೆಪ್ಪುಗಟ್ಟುವುದುಂಟು. ಸಾರಂಗ ಹಿಮವನ್ನು ಕೆರೆಯಬಲ್ಲುದೇ ಹೊರತು ಮಂಜುಗಡ್ಡೆಯನ್ನು ಒಡೆಯಲಾರದು. ರಷ್ಯದ ಯಮಾಲ್ ಪರ್ಯಾಯದ್ವೀಪದಲ್ಲಿ 2006ರಲ್ಲಿ ಸುಮಾರು 20,000, 2013ರ ನವೆಂಬರಿನ ಮಳೆಯಿಂದ ಮೊದಲ್ಗೊಂಡು ಆ ಚಳಿಗಾಲದಲ್ಲಿ ಸುಮಾರು 61,000 ಸಾರಂಗಗಳು ಹೀಗೆ ಹಸಿದು ಸತ್ತವು. ಮೇವು ಕಾಲಡಿಯಲ್ಲಿಯೇ ಇದ್ದಿತು, ದಕ್ಕಲಿಲ್ಲ. ‘ಗುವೊಹ್ತುನ್’ ಎಂಬ ಸಾಮಿ ಶಬ್ದದ ಅರ್ಥ ಇಲ್ಲಿ ಮನದಟ್ಟಾಗುತ್ತದೆ.

ಕಾಡಿನಲ್ಲಿಯೂ ಸ್ಥಿತಿ ಉತ್ತಮವಾಗಿಲ್ಲ. ಮರಮುಟ್ಟಿಗಾಗಿ ಒತ್ತಾಗಿ ಬೆಳೆಸಿದ ಕಾಡುಗಳಲ್ಲಿ ನೆಲಕ್ಕೆ ಬೆಳಕು ಬೀಳದೆ ಕಲ್ಲುಹೂವು ಕ್ಷೀಣಿಸುತ್ತದೆ. ಸ್ವೀಡನ್ನಿನಲ್ಲಿ ಕಲ್ಲುಹೂವು ಸಮೃದ್ಧವಾಗಿದ್ದ ಅರಣ್ಯದ ವಿಸ್ತೀರ್ಣ ಹಿಂದಿನ 60 ವರ್ಷಗಳಲ್ಲಿ ಶೇಕಡಾ 71ರಷ್ಟು ಇಳಿದಿದೆಯೆಂದು 2016ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಅಲ್ಲಿ ನಷ್ಟವಾಗುತ್ತಿರುವುದು ಒಂದು ಪ್ರಭೇದವಷ್ಟೇ ಅಲ್ಲ. ಅದನ್ನು ಆಧರಿಸಿದ ವೃತ್ತಿ, ವೃತ್ತಿಯನ್ನು ಆಧರಿಸಿದ ಮನೆತನ, ಮನೆತನದಲ್ಲಿ ಉಳಿದ ನುಡಿ, ಎಲ್ಲವೂ ಒಂದರ ಹಿಂದೆ ಒಂದಾಗಿ ಸಡಿಲುತ್ತಿವೆ.

ತರಗತಿಯಲ್ಲಿ

ಈ ಪಾಠವನ್ನು ಕಲಿಸುವ ಅಧ್ಯಾಪಕರು ಧ್ರುವಪ್ರದೇಶಕ್ಕೆ ಹೋಗಬೇಕಾದ ಅಗತ್ಯವಿಲ್ಲ. ದಿನಸಿ ಅಂಗಡಿಯಿಂದ ಸ್ವಲ್ಪ ಕಲ್ಲುಹೂವನ್ನು ತಂದು, ಒಂದು ಚೂರನ್ನು ಒಣಗಿದಂತೆಯೇ ಇಟ್ಟು, ಇನ್ನೊಂದನ್ನು ಬಟ್ಟಲಿನ ನೀರಿನಲ್ಲಿ ಹಾಕಿದರೆ ಸಾಕು. ಕೆಲವು ನಿಮಿಷಗಳಲ್ಲಿ ಪೆಡಸಾಗಿದ್ದ ಚೂರು ತೊಗಲಿನಂತೆ ಮೆತ್ತಗಾಗುತ್ತದೆ. ಮೇಲ್ಪದರ ನೀರು ಕುಡಿದು ಪಾರದರ್ಶಕವಾಗುವುದರಿಂದ, ಬೂದಿಯ ಅಡಿಯಲ್ಲಿ ಅಡಗಿದ್ದ ಹಸಿರಿನ ಛಾಯೆ ತೋರುತ್ತದೆ. ಆ ಹಸಿರೇ ಪಾಚಿ. ಅದನ್ನು ಹೊದ್ದಿರುವುದೇ ಶಿಲೀಂಧ್ರ. ಇದನ್ನು ಕಣ್ಣಾರೆ ಕಂಡ ವಿದ್ಯಾರ್ಥಿ ಸಹಜೀವನವೆಂಬ ಶಬ್ದವನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಶಾಲೆಯ ಆವರಣದ ಬಂಡೆಯೊಂದರ ಮೇಲಿನ ಕಲ್ಲುಹೂವಿನ ಸುತ್ತ ಸೀಮೆಸುಣ್ಣದಿಂದಲ್ಲ, ಅಳಿಸದ ಬಣ್ಣದಿಂದ ಗೆರೆ ಎಳೆದು, ವರ್ಷಕ್ಕೊಮ್ಮೆ ಅಳೆದು ದಾಖಲಿಸುವ ಕೆಲಸವನ್ನು ಮಕ್ಕಳಿಗೆ ವಹಿಸಬಹುದು. ಆರಂಭಿಸಿದವರು ಶಾಲೆ ಬಿಟ್ಟುಹೋದ ಮೇಲೆ ಅವರ ಕಿರಿಯರು ಮುಂದುವರಿಸಬೇಕಾಗುವ ಅಭ್ಯಾಸವದು.

ನಿಧಾನವಾಗಿ ಬೆಳೆಯುವುದನ್ನು ಬೆಳೆಯುವುದೇ ಇಲ್ಲವೆಂದು ಬಗೆಯುವುದು ಅವಸರದ ಕಣ್ಣಿನ ದೋಷ. ಸೇಂಟ್ ಮ್ಯಾಥ್ಯೂ ದ್ವೀಪದ ಹಾಸು ಕೂಡಿಬರಲು ಹಿಡಿದ ದಶಕಗಳು ಯಾವ ಕಡತದಲ್ಲಿಯೂ ಇಲ್ಲ. ಅದು ಕರಗಿದ ಇಪ್ಪತ್ತು ವರ್ಷಗಳ ಲೆಕ್ಕ ಮಾತ್ರ ದೊರೆಯುತ್ತದೆ. ವಿದ್ಯೆ, ವಿಶ್ವಾಸ, ಸಂಸ್ಥೆಗಳೂ ಈ ಜಾತಿಯವೇ. ಅವು ವರ್ಷಕ್ಕೆ ಭತ್ತದ ಕಾಳಿನಷ್ಟು ಬೆಳೆಯುತ್ತವೆ. ಹಿಂದಿನವರು ಕೂಡಿಟ್ಟದ್ದನ್ನು ಇಂದಿನವರು ಮೇಯುತ್ತಾರೆ. ಮೇಯುವುದು ತಪ್ಪಲ್ಲ. ಮೇದಷ್ಟನ್ನು ಬೆಳೆಯಲು ನೆಲಕ್ಕೆ ಕಾಲಾವಕಾಶ ಕೊಟ್ಟಿದ್ದೇವೆಯೇ ಎಂದು ಸಾಮಿ ಪಾಲಕರು ಪ್ರತಿ ಚಳಿಗಾಲದ ಮುನ್ನ ಕೇಳಿಕೊಳ್ಳುವ ಪ್ರಶ್ನೆ ಎಲ್ಲ ನಾಡಿನವರಿಗೂ ಸಲ್ಲುತ್ತದೆ.